ಗಾಯದ ಗುರುತುಗಳ ದಾರಿ

ಬೆಳಗಿನ ಐದೂವರೆ ಗಂಟೆ. ಗೋಲಗುಮ್ಮಟದ ನೆತ್ತಿಗೆ ಇನ್ನೂ ಬೆಳಕು ತಾಕಿರುವುದಿಲ್ಲ. ವಿಜಯಪುರದಿಂದ ಅಥಣಿಯತ್ತ ಹೊರಟ ರಸ್ತೆಯಲ್ಲಿ ಹಾಲಿನವರು, ಪತ್ರಿಕೆ ಹಂಚುವ ಹುಡುಗರು ಬಿಟ್ಟರೆ ಬೇರೆ ಸುಳಿವಿಲ್ಲ. ಅಷ್ಟರಲ್ಲಿ ಹಿಂದಿನಿಂದ ಜೇನು ಎದ್ದಂತಹ ಸಣ್ಣ ಸದ್ದು ಕೇಳುತ್ತದೆ. ಯಾರೆಂದು ತಿರುಗಿ ನೋಡುವಷ್ಟರಲ್ಲಿ ಏಳೆಂಟು ಸೈಕಲ್ಲುಗಳು ಒಂದರ ಬೆನ್ನಿಗೊಂದು ಅಂಟಿಕೊಂಡಂತೆ ಸರ್ರನೆ ದಾಟಿ ಹೋಗಿರುತ್ತವೆ. ಬಗ್ಗಿದ ಬೆನ್ನು, ತಲೆಗೆ ಹೆಲ್ಮೆಟ್, ಬೆರಳಿನಷ್ಟು ತೆಳ್ಳಗಿನ ಗಾಲಿ. ಇವರು ಶಾಲೆಗೆ ಹೋಗುವವರೂ ಅಲ್ಲ, ಸಂತೆಗೆ ಹೋಗುವವರೂ ಅಲ್ಲ. ಗುಮ್ಮಟನಗರಿಯ ಸೈಕಲ್ ಪಟುಗಳು.

ಎರಡು ತಾಸು ಬಿಟ್ಟು ಇದೇ ಗುಂಪನ್ನು ರಸ್ತೆ ಬದಿಯ ಚಹಾದಂಗಡಿಯ ಬೆಂಚಿನ ಮೇಲೆ ನೋಡಬೇಕು. ಸೂಸಲಾ ತಟ್ಟೆ ಕೈಗೆ ಬರುವ ಮೊದಲೇ ಮಾತು ಗಾಯಗಳ ಕಡೆ ಹೊರಳಿರುತ್ತದೆ. ಒಬ್ಬ ಮೊಣಕೈ ತಿರುಗಿಸಿ ತೋರಿಸುತ್ತಾನೆ, ಇನ್ನೊಬ್ಬ ಮೊಣಕಾಲು ಚಾಚುತ್ತಾನೆ.

‘ಇದು ಎಲ್ಲಿ ಬಿದ್ದದ್ದೋ ತಮ್ಮಾ?’

‘ತೊರವಿ ದಾಟಿದ ಮ್ಯಾಲ ಅಣ್ಣಾ. ನಾಯಿ ಅಡ್ಡ ಬಂತು.’

‘ಅದೇನು ದೊಡ್ಡದು? ಇಲ್ಲಿ ನೋಡು. ಹೋದ ಸುಗ್ಗ್ಯಾಗ ಕಣಕಿ ಮ್ಯಾಲ ಗಾಲಿ ಜಾರಿ, ಇಷ್ಟುದ್ದ ಎಳಕೊಂಡು ಹೋತು.’

ಹಕ್ಕಳೆ ಕಟ್ಟಿದ ಗಾಯ, ಕಂದುಗಟ್ಟಿದ ತೊಡೆ, ಹೊಲಿಗೆ ಬಿದ್ದ ಗದ್ದ ಎಲ್ಲವೂ ಬೆಂಚಿನ ಮೇಲೆ ಪ್ರದರ್ಶನಕ್ಕೆ ಬರುತ್ತವೆ. ನಗುವೂ ಇರುತ್ತದೆ, ಸ್ವಲ್ಪ ಜಂಬವೂ ಇರುತ್ತದೆ. ನೋಡುವವರಿಗೆ ಇದು ಹುಡುಗಾಟ. ಆದರೆ ಕಿವಿಗೊಟ್ಟು ಕೇಳಿದರೆ, ಈ ಮಾತಿನಲ್ಲಿ ಒಂದು ರಸ್ತೆಯ ಪಾಠವೇ ಅಡಗಿದೆ. ಆ ಮಾತಿನಲ್ಲಿ ಬಾರದೆ ಉಳಿಯುವ ಗಾಯವೂ ಒಂದಿದೆ. ಅದೇ ಎಲ್ಲಕ್ಕಿಂತ ಅಪಾಯದ್ದು.

ಸೈಕಲ್ಲಿಗೆ ಒಲಿದ ಬಯಲು

ಕರ್ನಾಟಕದಲ್ಲಿ ರಸ್ತೆ ಸೈಕ್ಲಿಂಗ್ ಎಂದರೆ ಮೊದಲು ನೆನಪಾಗುವುದು ವಿಜಯಪುರ, ಬಾಗಲಕೋಟೆಯ ಸೀಮೆ. ಕಣ್ಣು ಹರಿಸಿದಷ್ಟು ದೂರ ಬಯಲು, ನೆಟ್ಟಗಿನ ರಸ್ತೆ, ಎದುರು ಬೀಸುವ ಗಾಳಿ. ಬೆಟ್ಟವಿಲ್ಲದ ಈ ನಾಡಿನಲ್ಲಿ ಗಾಳಿಯೇ ಬೆಟ್ಟ. ಅದನ್ನು ತಳ್ಳಿ ತಳ್ಳಿಯೇ ಇಲ್ಲಿನ ಮಕ್ಕಳ ಕಾಲು ಗಟ್ಟಿಯಾಗುತ್ತದೆ. ಸರ್ಕಾರದ ಯುವಜನ ಕ್ರೀಡಾ ಇಲಾಖೆ ವಿಜಯಪುರದಲ್ಲಿ ಸೈಕ್ಲಿಂಗ್‌ಗಾಗಿ ಕ್ರೀಡಾ ವಸತಿ ನಿಲಯ ನಡೆಸುತ್ತಿದೆ. 2024ರ ಜನವರಿಯಲ್ಲಿ ರಾಷ್ಟ್ರೀಯ ರಸ್ತೆ ಸೈಕ್ಲಿಂಗ್ ಚಾಂಪಿಯನ್‌ಷಿಪ್ ಕೂಡ ಇದೇ ಊರಿನಲ್ಲಿ ನಡೆಯಿತು.

ಬಂದವರಲ್ಲಿ ರೈತರ, ಕೂಲಿಕಾರರ ಮಕ್ಕಳು ಕಡಿಮೆಯೇನಲ್ಲ. ಒಂದು ಪದಕ ಬಂದರೆ ಕ್ರೀಡಾ ಕೋಟಾದಲ್ಲಿ ರೈಲ್ವೆಯ ನೌಕರಿ ಸಿಕ್ಕೀತು ಎಂಬ ಆಸೆ ಅಪ್ಪ ಅವ್ವನಿಗೂ ಇದೆ, ಮಕ್ಕಳಿಗೂ ಇದೆ. ಸ್ಪರ್ಧೆಯ ಸೈಕಲ್ಲಿನ ಬೆಲೆ ಲಕ್ಷ ದಾಟುವುದೂ ಉಂಟು. ಆದ್ದರಿಂದ ಇಲ್ಲಿ ಬೀಳುವುದೆಂದರೆ ಬರೀ ಚರ್ಮ ತರಚುವುದಲ್ಲ. ಒಂದು ಸ್ಪರ್ಧೆ ತಪ್ಪುತ್ತದೆ, ಒಂದು ವರ್ಷ ಹಿಂದೆ ಬೀಳುತ್ತದೆ.

ಸೈಕಲ್ ಓಟಕ್ಕೆಂದೇ ಕಟ್ಟುವ ಇಳಿಜಾರು ಅಂಕಣಕ್ಕೆ ವೆಲೊಡ್ರೋಮ್ ಎನ್ನುತ್ತಾರೆ. ನಗರದ ಹೊರವಲಯದ ಭೂತನಾಳದಲ್ಲಿ ಅದರ ಕಾಮಗಾರಿ ವರ್ಷಗಟ್ಟಲೆ ಕುಂಟಿತು. ಅಂಕಣವಿರಲಿ ಬಿಡಲಿ, ರಸ್ತೆ ಸ್ಪರ್ಧೆಗೆ ತಾಲೀಮು ಆಗಬೇಕಾದದ್ದು ರಸ್ತೆಯ ಮೇಲೆಯೇ. ಲಾರಿ, ಬಸ್ಸು, ಟ್ರ್ಯಾಕ್ಟರ್, ದನಕರುಗಳ ನಡುವೆಯೇ.

ರಸ್ತೆಗೂ ಒಂದು ಹಂಗಾಮು

ಅಥಣಿ ರಸ್ತೆ ಹಿಡಿದು ಪಶ್ಚಿಮಕ್ಕೆ ಹೊರಟರೆ ಮೊದಲು ತೊರವಿ. ಎರಡನೇ ಇಬ್ರಾಹಿಂ ಆದಿಲ್‌ಶಾಹಿ 1599ರಲ್ಲಿ ನವರಸಪುರ ಕಟ್ಟಿಸಲು ತೊಡಗಿದ್ದು ಇಲ್ಲಿಯೇ. ಅದರ ಪಾಳುಗೋಡೆಗಳು ಈಗಲೂ ಇವೆ. ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವೂ ಇದೇ ದಾರಿಯಲ್ಲಿದೆ. ಅಲ್ಲಿಂದ ಮುಂದೆ ನಗರದಿಂದ ಸುಮಾರು 20 ಕಿ.ಮೀ. ದೂರದಲ್ಲಿ ತಿಕೋಟಾ. ಸುತ್ತಲೂ ದ್ರಾಕ್ಷಿ ತೋಟಗಳು, ಒಣದ್ರಾಕ್ಷಿ ಮಾಡುವ ಬಲೆ ಹೊದಿಸಿದ ಶೆಡ್ಡುಗಳು. ತಿಕೋಟಾದಿಂದ ಒಳದಾರಿ ಹಿಡಿದು ದಕ್ಷಿಣಕ್ಕೆ ತಿರುಗಿದರೆ ಬಬಲೇಶ್ವರ. ಅಲ್ಲಿಂದ ಸಾರವಾಡದ ಮೇಲೆ ಡೋಣಿ ದಾಟಿ ಮರಳಿ ವಿಜಯಪುರ. ಮೊದಲು ವಿಜಯಪುರ ತಾಲ್ಲೂಕಿನಲ್ಲಿದ್ದ ತಿಕೋಟಾ, ಬಬಲೇಶ್ವರಗಳು 2018ರಿಂದ ತಾವೇ ತಾಲ್ಲೂಕು ಕೇಂದ್ರಗಳಾಗಿವೆ. ಕಚೇರಿ ಬಂದ ಮೇಲೆ ವಾಹನಗಳ ಓಡಾಟವೂ ಬಂತು.

ಈ ತ್ರಿಕೋನದಲ್ಲಿ ಯಾವ ತಿಂಗಳು ಯಾರು ಹೇಗೆ ಬೀಳುತ್ತಾರೆಂಬುದನ್ನು ಚಹಾದಂಗಡಿಯ ಮಾತೇ ಹೇಳುತ್ತದೆ. ಜೂನ್‌ನಿಂದ ಮೂರು ನಾಲ್ಕು ತಿಂಗಳು ಪಡುವಣ ಗಾಳಿಯ ಕಾಲ. ತಿಕೋಟಾ ಕಡೆ ಹೋಗುವಾಗ ಗಾಳಿ ಎದೆಗೆ ಒದೆಯುತ್ತದೆ. ಅದರಿಂದ ತಪ್ಪಿಸಿಕೊಳ್ಳಲು ಒಬ್ಬರ ಮರೆಯಲ್ಲಿ ಒಬ್ಬರು ಹೋಗುತ್ತಾರೆ. ಮುಂದಿನವನ ಹಿಂಗಾಲಿಗೂ ಹಿಂದಿನವನ ಮುಂಗಾಲಿಗೂ ಗೇಣು ಅಂತರ. ಎರಡು ಗಾಲಿ ತಾಕಿದರೆ ಬೀಳುವವನು ಸಾಮಾನ್ಯವಾಗಿ ಹಿಂದಿನವನೇ. ಹ್ಯಾಂಡಲ್ ಅವನ ಕೈ ಮಾತು ಕೇಳುವುದಿಲ್ಲ. ಬಬಲೇಶ್ವರದ ಕಡೆ ತಿರುಗಿದೊಡನೆ ಅದೇ ಗಾಳಿ ಪಕ್ಕದಿಂದ ಬೀಸಿ ಸೈಕಲ್ಲನ್ನು ರಸ್ತೆಯ ಅಂಚಿಗೆ ನೂಕುತ್ತದೆ.

ಆ ಅಂಚೂ ನಂಬಿಕೆಯದಲ್ಲ. ಇದು ಎರೆಭೂಮಿ. ಮಳೆ ಬಿದ್ದಾಗ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಹೀಗೆ ಉಬ್ಬಿ ಕುಗ್ಗಿ ಡಾಂಬರಿನ ಅಂಚು ಮುರಿಯುತ್ತದೆ. ‘ಡೋಣಿ ಬೆಳೆದರೆ ಓಣಿಯೆಲ್ಲ ಜೋಳ’ ಎಂದು ಗಾದೆಯಾಗಿರುವ ನೆಲ ಅದು. ಬೆಳೆಗೆ ಬಂಗಾರ, ಸೈಕಲ್ಲಿಗೆ ಸಾಬೂನು. ಮಳೆ ಬಂದು ಹೋದ ಮೇಲೆ ಟ್ರ್ಯಾಕ್ಟರ್ ಗಾಲಿಗೆ ಅಂಟಿದ ಎರೆಮಣ್ಣು ರಸ್ತೆಗೆ ಬಿದ್ದರೆ ತೆಳುಗಾಲಿ ಅದರ ಮೇಲೆ ನಿಲ್ಲುವುದಿಲ್ಲ.

ಮಳೆಗಾಲ ಮುಗಿಯಿತೆನ್ನುವಾಗ ಕಬ್ಬಿನ ಹಂಗಾಮು. ಕೃಷ್ಣಾ ತೀರದ ಸಕ್ಕರೆ ಕಾರ್ಖಾನೆಗಳಿಗೆ ಎರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್‌ಗಳು ಸಾಲುಗಟ್ಟುತ್ತವೆ. ಕತ್ತಲಲ್ಲಿ ಕೆಟ್ಟು ನಿಂತ ಟ್ರೇಲರ್‌ಗೆ ಹಿಂದೆ ಕೆಂಪು ಪಟ್ಟಿ ಇಲ್ಲದಿದ್ದರೆ ಬಗ್ಗಿ ತುಳಿಯುವ ಹುಡುಗನಿಗೆ ಅದು ಕಾಣುವುದು ತೀರ ಹತ್ತಿರ ಬಂದಾಗಲೇ. ಅದರ ಹಿಂದೆಯೇ ರಾಶಿಯ ಕಾಲ. ಕೆಲವು ಕಡೆ ಬೆಳೆಯನ್ನು ರಸ್ತೆಗೇ ಹರವಿ, ವಾಹನಗಳ ಗಾಲಿಯಿಂದಲೇ ಕಾಳು ಬಿಡಿಸುವುದುಂಟು. ಒಣ ದಂಟಿನ ಮೇಲೆ ಬ್ರೇಕ್ ಹಿಡಿದರೆ ಗಾಲಿ ನಿಲ್ಲುತ್ತದೆ, ಸೈಕಲ್ ನಿಲ್ಲುವುದಿಲ್ಲ.

ಇವನ್ನು ಯಾವ ನಕ್ಷೆಯೂ ತೋರಿಸುವುದಿಲ್ಲ. ಹಿರಿಯ ಪಟುವಿನ ಮೊಣಕಾಲು ತೋರಿಸುತ್ತದೆ. ಹೊಸದಾಗಿ ಸೇರಿದ ಹುಡುಗಿ ಅದನ್ನು ನೋಡಿ ಮರುದಿನ ಅದೇ ತಿರುವಿನಲ್ಲಿ ವೇಗ ತಗ್ಗಿಸುತ್ತಾಳೆ. ಗಾಯ ತೋರಿಸುವ ಪದ್ಧತಿಯ ಲಾಭ ಇದು.

ತೋರಿಸುವ ಗಾಯ, ತೋರಿಸದ ಗಾಯ

ಸೈಕಲ್ಲಿನಿಂದ ಬೀಳುವವರು ತಿಳಿಯದೆಯೇ ಕೈ ಮುಂದೆ ಚಾಚುತ್ತಾರೆ. ಪೆಟ್ಟು ಅಂಗೈಯಿಂದ ಮಣಿಕಟ್ಟಿಗೆ, ಅಲ್ಲಿಂದ ಭುಜಕ್ಕೆ ಏರುತ್ತದೆ. ಈ ಆಟದಲ್ಲಿ ಕಾಲರ್ ಬೋನ್ ಮುರಿಯುವುದು ಅಷ್ಟು ಸಾಮಾನ್ಯವಾಗಿರುವುದಕ್ಕೆ ಇದೂ ಒಂದು ಕಾರಣ. ತರಚುಗಾಯಕ್ಕೆ ಮದ್ದು ಸರಳ. ಧಾರಾಳವಾಗಿ ಶುದ್ಧ ನೀರು ಹರಿಸಿ, ಸಾಬೂನಿನಿಂದ ತೊಳೆದು, ಸಿಕ್ಕಿಕೊಂಡ ಹರಳು ಮಣ್ಣು ತೆಗೆಯಬೇಕು. ಕಾಫಿ ಪುಡಿ, ಸುಣ್ಣ, ಮಣ್ಣು ಮೆತ್ತಬಾರದು. ಧನುರ್ವಾಯು ತಡೆಯುವ ಚುಚ್ಚುಮದ್ದನ್ನು ಮಕ್ಕಳಿಗೆ 10 ಮತ್ತು 16ನೇ ವಯಸ್ಸಿನಲ್ಲಿ ಕೊಡುವ ಕ್ರಮವಿದೆ. ಗಾಯ ಮಣ್ಣಾಗಿದ್ದು, ಕೊನೆಯ ಚುಚ್ಚುಮದ್ದಿಗೆ 5 ವರ್ಷ ದಾಟಿದ್ದರೆ ವೈದ್ಯರು ಮತ್ತೆ ಕೊಡುತ್ತಾರೆ.

ಆದರೆ ಬೆಂಚಿನ ಮೇಲೆ ಯಾರೂ ತೋರಿಸದ ಗಾಯ ತಲೆಯದು. ಅದಕ್ಕೆ ಹಕ್ಕಳೆ ಇಲ್ಲ, ರಕ್ತವಿಲ್ಲ, ತೋರಿಸಿ ಮೆರೆಯಲು ಏನೂ ಇಲ್ಲ. ಬಿದ್ದ ಹುಡುಗ ಎದ್ದು ನಿಂತು ‘ಏನೂ ಆಗಿಲ್ಲ’ ಎನ್ನುತ್ತಾನೆ. ಸಂಜೆ ತಲೆ ಸಿಡಿಯುತ್ತದೆ, ಬೆಳಕು ಚುಚ್ಚುತ್ತದೆ, ಓದಿದ್ದು ತಲೆಗೆ ಹತ್ತುವುದಿಲ್ಲ. ಮುಂದಿನ ವಾರ ಆಯ್ಕೆ ಸ್ಪರ್ಧೆ ಇದೆ. ಹೇಳಿದರೆ ಸರ್ ಬಿಡುವುದಿಲ್ಲ, ಮನೆಯವರು ಕಳಿಸುವುದಿಲ್ಲ. ಆದ್ದರಿಂದ ಸುಮ್ಮನಿರುತ್ತಾನೆ. ಪೆಟ್ಟು ತಿಂದ ಮಿದುಳು ಮಾಗುವ ಮೊದಲೇ ಇನ್ನೊಂದು ಪೆಟ್ಟು ಬಿದ್ದರೆ ಪ್ರಾಣಕ್ಕೇ ಎರವಾಗಬಹುದು ಎಂಬುದು ಅವನಿಗೆ ಗೊತ್ತಿರುವುದಿಲ್ಲ.

ದೊಡ್ಡ ಸ್ಪರ್ಧೆಗಳ ಲೋಕವೂ ಈ ಪಾಠವನ್ನು ಬೆಲೆ ತೆತ್ತೇ ಕಲಿತಿದೆ. 2003ರ ಮಾರ್ಚ್‌ನಲ್ಲಿ ಫ್ರಾನ್ಸಿನ ಪ್ಯಾರಿಸ್–ನೀಸ್ ಓಟದಲ್ಲಿ ಕಜಕಸ್ತಾನದ ಆಂಡ್ರೇ ಕಿವಿಲೆವ್ ಬಿದ್ದು ತಲೆಗೆ ಪೆಟ್ಟಾಗಿ ತೀರಿಕೊಂಡರು. ಅವರು ಹೆಲ್ಮೆಟ್ ಧರಿಸಿರಲಿಲ್ಲ. ಅದೇ ವರ್ಷ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಹೆಲ್ಮೆಟ್ ಕಡ್ಡಾಯ ಮಾಡಿತು. 2021ರಿಂದ ತಲೆಪೆಟ್ಟಿಗೇ ಪ್ರತ್ಯೇಕ ನಿಯಮಗಳನ್ನು ತಂದಿತು. ಅದರಂತೆ ಮೊದಲು 24ರಿಂದ 48 ತಾಸು ಪೂರ್ಣ ವಿಶ್ರಾಂತಿ. ಎಲ್ಲ ಲಕ್ಷಣ ಮಾಯವಾದ ಮೇಲೂ ಕನಿಷ್ಠ ಒಂದು ವಾರ, ಕಿರಿಯರಾದರೆ ಎರಡು ವಾರ ಸ್ಪರ್ಧೆ ಇಲ್ಲ.

2019ರಲ್ಲಿ ಟೂರ್ ಡಿ ಫ್ರಾನ್ಸ್ ಗೆದ್ದ ಕೊಲಂಬಿಯಾದ ಈಗನ್ ಬರ್ನಾಲ್ ಕತೆಯಂತೂ ತಿಕೋಟಾ ರಸ್ತೆಯ ಮಕ್ಕಳು ಕೇಳಲೇಬೇಕಾದದ್ದು. 2022ರ ಜನವರಿಯಲ್ಲಿ ತಮ್ಮ ದೇಶದ ರಸ್ತೆಯಲ್ಲಿ ತಾಲೀಮು ಮಾಡುವಾಗ ಅವರು ನಿಂತಿದ್ದ ಬಸ್ಸಿನ ಹಿಂಬದಿಗೆ ಗುದ್ದಿದರು. ತೊಡೆ, ಮೊಣಕಾಲ ಚಿಪ್ಪು, ಬೆನ್ನೆಲುಬು, ಪಕ್ಕೆಲುಬು ಎಂದು ಇಪ್ಪತ್ತರ ಹತ್ತಿರ ಮೂಳೆ ಮುರಿದವು. ಅದನ್ನು ಅವರು ಮುಚ್ಚಿಡಲಿಲ್ಲ. ತಿಂಗಳುಗಟ್ಟಲೆ ನಡೆದ ಚಿಕಿತ್ಸೆಯನ್ನು ಜಗತ್ತಿಗೆ ಹೇಳುತ್ತಲೇ ಬಂದು, ಅದೇ ವರ್ಷ ಆಗಸ್ಟ್‌ನಲ್ಲಿ ಮತ್ತೆ ಸ್ಪರ್ಧೆಗೆ ಇಳಿದರು. ಕೆಟ್ಟು ನಿಂತ ಕಬ್ಬಿನ ಟ್ರೇಲರ್‌ಗೂ ಆ ಬಸ್ಸಿಗೂ ಏನು ವ್ಯತ್ಯಾಸ?

ಮನೆಯ ಮೊದಲ ಪ್ರಶ್ನೆ

ಹಾಗಾದರೆ ಮಗು ಗಾಯವನ್ನು ಯಾರಿಗೆ ಹೇಳಬೇಕು? ಇದರ ಉತ್ತರ ಬಹುಮಟ್ಟಿಗೆ ಮನೆಯ ಮೊದಲ ಪ್ರಶ್ನೆಯಲ್ಲಿದೆ. ಕುಂಟುತ್ತ ಬಂದ ಮಗನನ್ನು ನೋಡಿ ಅಪ್ಪ ‘ಸೈಕಲ್‌ಗೆ ಏನಾತು?’ ಎಂದರೆ, ಸಾಲ ಮಾಡಿ ಕೊಡಿಸಿದ ಸೈಕಲ್ಲಿನ ಸಂಕಟ ಅದು, ತಪ್ಪೆನ್ನಲಾಗದು. ‘ಬ್ಯಾಡಾ ಅಂದ್ರೂ ಕೇಳಲಿಲ್ಲಲ್ಲ’ ಎಂದು ಅವ್ವ ಬೈದರೆ ಅದು ಕರುಳಿನ ಮಾತು. ಆದರೆ ಎರಡನ್ನೂ ಕೇಳಿದ ಮಗ ಮುಂದಿನ ಸಲ ಬಿದ್ದದ್ದನ್ನು ಹೇಳುವುದಿಲ್ಲ. ‘ತಲಿಗೆ ಪೆಟ್ಟಾಗೇತೇನಪಾ?’ ಎಂಬುದೇ ಮೊದಲ ಪ್ರಶ್ನೆಯಾದರೆ ಅವನು ಎಂದಿಗೂ ಹೇಳುತ್ತಾನೆ.

ತಲೆಪೆಟ್ಟಿನ ನಂತರ ಮೇಲಿಂದ ಮೇಲೆ ವಾಂತಿ, ಏರುತ್ತಲೇ ಇರುವ ತಲೆನೋವು, ಕೇಳಿದ್ದನ್ನೇ ಕೇಳುವ ಗೊಂದಲ, ಎಬ್ಬಿಸಿದರೂ ಏಳದ ಮಂಪರು, ಕೈಕಾಲಿನಲ್ಲಿ ಬಲವಿಲ್ಲದಿರುವುದು, ಫಿಟ್ಸ್ ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಒಯ್ಯಬೇಕು. ರಸ್ತೆಯಲ್ಲೇ ಬಿದ್ದಿದ್ದರೆ 108ಕ್ಕೆ ಕರೆ ಮಾಡಬೇಕು. ನೆರವಾದವರಿಗೆ ಪೊಲೀಸ್ ತೊಂದರೆ ಆಗದಂತೆ 2019ರಲ್ಲಿ ತಿದ್ದಿದ ಮೋಟಾರು ವಾಹನ ಕಾಯ್ದೆಯಲ್ಲಿ ರಕ್ಷಣೆ ಇದೆ. ಇನ್ನೊಂದು ಮಾತು. ಒಮ್ಮೆ ಜೋರು ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಒಳಗಿನ ಥರ್ಮಾಕೋಲ್ ಪದರ ಅದುಮಿ ಹೋಗಿರುತ್ತದೆ. ಅದನ್ನು ತಮ್ಮನಿಗೆ ಕೊಡುವುದು ಉಳಿತಾಯವಲ್ಲ.

ಬಿಸಿಲು ಏರಿದಂತೆ ಚಹಾದಂಗಡಿಯ ಬೆಂಚು ಖಾಲಿಯಾಗುತ್ತದೆ. ಶಾಲೆ ಕಾಲೇಜಿನ ಹೊತ್ತು. ಬಾಟಲಿಗೆ ನೀರು ತುಂಬಿಕೊಂಡು, ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಂಡು ಒಬ್ಬೊಬ್ಬರೇ ಏಳುತ್ತಾರೆ. ಅತ್ತ ಕೊನೆಗೆ ಕುಳಿತ ಕಿರಿಯನೊಬ್ಬ ಸೂಸಲಾ ಮುಟ್ಟಿಲ್ಲ, ನಗೆಗೂ ಸೇರಿಲ್ಲ. ಹಿರಿಯಳೊಬ್ಬಳು ಹತ್ತಿರ ಬಂದು ಅವನ ಮೊಣಕೈ ನೋಡುವುದಿಲ್ಲ, ಮುಖ ನೋಡುತ್ತಾಳೆ.

‘ತಲಿ ನೋಯತೈತೇನೋ ತಮ್ಮಾ?’

ಅವನು ಒಂದು ಗಳಿಗೆ ಸುಮ್ಮನಿದ್ದು, ‘ಹೂಂ ಅಕ್ಕಾ’ ಎನ್ನುತ್ತಾನೆ.

ಆ ದಿನ ಅವನು ಸೈಕಲ್ ಹತ್ತುವುದಿಲ್ಲ. ಸರ್‌ಗೆ ಫೋನು ಹೋಗುತ್ತದೆ, ಮನೆಗೂ ಹೋಗುತ್ತದೆ. ಆಯ್ಕೆ ಸ್ಪರ್ಧೆ ಮುಂದಿನ ವರ್ಷವೂ ಬರುತ್ತದೆ, ತಿಕೋಟಾ ರಸ್ತೆಯೂ ಅಲ್ಲಿಯೇ ಇರುತ್ತದೆ.