ಕಂಸಗಳ ಸಹವಾಸ

ಕನ್ನಡದಲ್ಲಿ ಎಂ.ಎ. ಮಾಡಿ ಕಾಲೇಜಿನಲ್ಲಿ ಪಾಠ ಹೇಳುವವನ ವಿಚಾರದಲ್ಲಿ ಲೋಕಕ್ಕೆ ಕೆಲವು ಸ್ಥಿರವಾದ ಅಭಿಪ್ರಾಯಗಳುಂಟು. ಆತನಿಗೆ ಹಳಗನ್ನಡ ಬರಬೇಕು. ನೆರೆಮನೆಯವರ ಲಗ್ನಪತ್ರಿಕೆಯ ಕರಡು ತಿದ್ದಲು ಬರಬೇಕು. ಬಡಾವಣೆಯ ರಾಜ್ಯೋತ್ಸವದಲ್ಲಿ ಒಂದು ಶಾಲು, ಒಂದು ಹಾರದ ಸಂಭಾವನೆಗೆ ಮುಕ್ಕಾಲು ಗಂಟೆ ಮಾತನಾಡಲು ಬರಬೇಕು. ಲೆಕ್ಕ ಮಾತ್ರ ಬರಕೂಡದು. ಹೀಗಿರುವಾಗ, ನಾನು ಬಿಡುವಿನ ವೇಳೆಯಲ್ಲಿ ಗಣಕಯಂತ್ರಕ್ಕೆ ಕ್ರಮವಿಧಿಗಳನ್ನು ಬರೆಯುತ್ತೇನೆಂದು ತಿಳಿದಾಗ ಮಿತ್ರರು ನನ್ನನ್ನು ನೋಡುವ ನೋಟದಲ್ಲಿ ಮರುಕವೂ ಸಂಶಯವೂ ಸಮಪ್ರಮಾಣದಲ್ಲಿ ಬೆರೆತಿರುವುದು ಸಹಜವೇ ಸರಿ. ಅದರಲ್ಲಿಯೂ ನಾನು ಬರೆಯುವುದು ಎಲ್ಲರೂ ಕಲಿಯುವ ಭಾಷೆಯಲ್ಲಲ್ಲ. ಲಿಸ್ಪ್ ಎಂಬ ಹಳೆಯ ಮನೆತನಕ್ಕೆ ಸೇರಿದ ರ‍್ಯಾಕೆಟ್ ಎಂಬ ಭಾಷೆಯಲ್ಲಿ.

ಈ ಮನೆತನದ ಕುಲಲಾಂಛನವೆಂದರೆ ಕಂಸ. ಎತ್ತ ನೋಡಿದರೂ ಬಾಗಿದ ಬಿಲ್ಲುಗಳಂತೆ ಎದುರುಬದುರು ನಿಂತ ಕಂಸಗಳು. ಒಂದರೊಳಗೊಂದು, ಅದರೊಳಗೆ ಮತ್ತೊಂದು. ಕೊನೆಯಲ್ಲಿ ಮುಚ್ಚುವ ಕಂಸಗಳೇ ಏಳೆಂಟು ಸಾಲಾಗಿ ನಿಂತಿರುವುದುಂಟು. ಒಂದು ಸಂಜೆ ಕಾಫಿಯ ಲೋಟ ಹಿಡಿದು ಬಂದ ನನ್ನಾಕೆ ಪರದೆಯನ್ನೊಮ್ಮೆ ನೋಡಿ, "ಏನೂಂದ್ರೆ, ಭಾಗವತದಲ್ಲಿ ಒಬ್ಬನೇ ಕಂಸನಿದ್ದುದಕ್ಕೆ ಅಷ್ಟೆಲ್ಲ ರಾಮಾಯಣವಾಯಿತು. ನೀವು ಇಷ್ಟು ಮಂದಿಯನ್ನು ಸಾಕಿದ್ದೀರಲ್ಲ!" ಎಂದಳು. ಭಾಗವತದಲ್ಲಿ ರಾಮಾಯಣ ಹೇಗಾದೀತೆಂದು ತಿದ್ದುವಷ್ಟು ಧೈರ್ಯ ನನಗಿರಲಿಲ್ಲ; ಕಾಫಿ ಇನ್ನೂ ಅವಳ ಕೈಯಲ್ಲಿತ್ತು.

ಈ ಭಾಷೆಯ ಪೂರ್ವೋತ್ತರವನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿದ್ದ ಜಾನ್ ಮೆಕಾರ್ಥಿ ಎಂಬ ಗಣಿತಜ್ಞರು 1958ರಲ್ಲಿ ಇದರ ಕಲ್ಪನೆಗೆ ಕೈಹಾಕಿ, 1960ರಲ್ಲಿ ಒಂದು ಪ್ರಬಂಧವಾಗಿ ಪ್ರಕಟಿಸಿದರು. ಅವರ ಬಳಿ ಕೆಲಸ ಮಾಡುತ್ತಿದ್ದ ಸ್ಟೀವ್ ರಸೆಲ್ ಅದನ್ನು ಐಬಿಎಂ 704 ಎಂಬ ಯಂತ್ರದಲ್ಲಿ ನಡೆಯುವಂತೆ ಮಾಡಿದರು. ಅಲೊಂಜೊ ಚರ್ಚ್ ಎಂಬ ತರ್ಕಶಾಸ್ತ್ರಜ್ಞರು 1930ರ ದಶಕದಲ್ಲಿ ರೂಪಿಸಿದ್ದ ಲ್ಯಾಂಬ್ಡಾ ಗಣಿತದಿಂದ ಇದಕ್ಕೆ ಸಂಕೇತವೊಂದು ಒದಗಿತು. ಇಂದಿಗೂ ಬಳಕೆಯಲ್ಲಿರುವ ಇಂಥ ಭಾಷೆಗಳಲ್ಲಿ ಇದಕ್ಕಿಂತ ಹಿರಿಯದೆಂದರೆ ಫೋರ್‌ಟ್ರಾನ್ ಒಂದೇ. 1975ರಲ್ಲಿ ಸಸ್ಮನ್ ಮತ್ತು ಸ್ಟೀಲ್ ಎಂಬಿಬ್ಬರು ಇದನ್ನು ತೆಳ್ಳಗೆ ಮಾಡಿ ಸ್ಕೀಮ್ ಎಂಬ ರೂಪ ಕೊಟ್ಟರು. ನಾನು ಬಳಸುವ ರ‍್ಯಾಕೆಟ್ ಆ ಸ್ಕೀಮಿನ ವಂಶದ್ದು. ಅದಕ್ಕೆ ಈ ಹೆಸರು ಬಂದದ್ದು 2010ರಲ್ಲಿ.

ರ‍್ಯಾಕೆಟ್ಟಿನಲ್ಲಿ ನಮ್ಮ ಕೆಲಸಗಳಿಗೆ ಕನ್ನಡ ಲಿಪಿಯಲ್ಲಿಯೇ ಹೆಸರಿಡಬಹುದು ಎಂಬುದು ನನ್ನ ಪಾಲಿಗೆ ದೊಡ್ಡ ಆಕರ್ಷಣೆಯಾಯಿತು. ಎರಡು, ಮೂರು, ನಾಲ್ಕನ್ನು ಕೂಡಿಸಬೇಕಾದರೆ ಹೀಗೆ ಬರೆಯುವುದು: (ಕೂಡು 2 3 4). ಕ್ರಿಯಾಪದ ಮೊದಲು, ಉಳಿದುದೆಲ್ಲ ಅನಂತರ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುವುದರಿಂದ ಇದು ಮೊದಲು ತಲೆಕೆಳಗಾಗಿ ಕಾಣುತ್ತದೆ. ಆದರೆ ಒಂದರೊಳಗೊಂದು ಹುದುಗುವ ಕ್ರಮ ನಮಗೆ ಹೊಸದಲ್ಲ. "ನಿನ್ನೆ ಊರಿನಿಂದ ಬಂದ ಮಾವ ತಂದ ಬುಟ್ಟಿಯಲ್ಲಿದ್ದ ಮಾವಿನಹಣ್ಣು" ಎಂಬಲ್ಲಿ, ಬಂದದ್ದು ತಂದದ್ದರೊಳಗೂ ತಂದದ್ದು ಬುಟ್ಟಿಯೊಳಗೂ ಅಡಗಿಲ್ಲವೇ? ಎಲ್ಲಕ್ಕಿಂತ ಒಳಗಿರುವುದನ್ನು ಮೊದಲು ಬಿಡಿಸಿಕೊಂಡು ಹೊರಗೆ ಬರುವುದನ್ನು ನಾವು ಸಮಾಸದ ವಿಗ್ರಹವಾಕ್ಯದಲ್ಲಿ ಕಲಿತೇ ಇದ್ದೇವೆ. ಲಿಸ್ಪಿನ ಕಂಸಗಳನ್ನು ಓದುವ ಗುಟ್ಟೂ ಅದೇ.

ಇನ್ನು ಈ ಭಾಷೆಯಲ್ಲಿ ಯೋಚಿಸುವ ಬಗೆ. ಅವರೆಕಾಯಿಯ ಕಾಲದಲ್ಲಿ ಅಡಿಗೆಮನೆಯ ಬಾಗಿಲಲ್ಲಿ ಕಾಯಿಯ ರಾಶಿ ಸುರಿದುಕೊಂಡು ಕುಳಿತ ಅಜ್ಜಿಯನ್ನು ನೆನೆಯಿರಿ. ರಾಶಿ ಮುಗಿದಿದ್ದರೆ ಕೆಲಸ ಮುಗಿಯಿತು. ಮುಗಿಯದಿದ್ದರೆ ಒಂದು ಕಾಯನ್ನು ತೆಗೆದುಕೊಂಡು ಸುಲಿ, ಉಳಿದ ರಾಶಿಗೂ ಇದನ್ನೇ ಮಾಡು. ಇಷ್ಟೇ ವಿಧಿ. ರಾಶಿಯಲ್ಲಿ ಹತ್ತು ಕಾಯಿದ್ದರೂ ಹತ್ತು ಸಾವಿರವಿದ್ದರೂ ವಿಧಿಗೆ ಒಂದು ಮಾತೂ ಹೆಚ್ಚು ಬೇಡ. ಲಿಸ್ಪಿನಲ್ಲಿ ಬಹುಪಾಲು ಕೆಲಸ ನಡೆಯುವುದು ಹೀಗೆಯೇ: "ಏನೂ ಇಲ್ಲದಿದ್ದರೆ ಏನು? ಇದ್ದರೆ, ಮೊದಲನೆಯದಕ್ಕೆ ಏನು, ಉಳಿದುದಕ್ಕೆ ಏನು?" ಈ ಎರಡು ಪ್ರಶ್ನೆಗಳಿಗೆ ಉತ್ತರ ಕೊಡಬಲ್ಲವನು ಕ್ರಮವಿಧಿ ಬರೆಯಬಲ್ಲ. ಪ್ರತಿಯೊಂದು ಕಾಯನ್ನೂ ಸುಲಿಯುವುದು ಒಂದು ಬಗೆ, ಹುಳುಕನ್ನು ಆರಿಸಿ ತೆಗೆಯುವುದು ಇನ್ನೊಂದು ಬಗೆ, ಸುಲಿದುದನ್ನೆಲ್ಲ ಒಂದು ಪಾತ್ರೆಗೆ ಸುರಿದು ಅಳೆಯುವುದು ಮತ್ತೊಂದು ಬಗೆ. ತರಗತಿಯ ಅರವತ್ತು ಮಂದಿಯಲ್ಲಿ ನಿಬಂಧ ಒಪ್ಪಿಸದವರು ಯಾರು, ಹಾಜರಿ ಕಡಿಮೆಯಿರುವವರು ಯಾರು ಎಂಬ ನಿತ್ಯದ ಗೋಳೆಲ್ಲ ಈ ಮೂರರಲ್ಲಿ ಒಂದರೊಳಗೆ ಬರುತ್ತದೆ. ಹಿಂದೆ ಭಾನುವಾರದ ಬೆಳಗನ್ನೆಲ್ಲ ನುಂಗುತ್ತಿದ್ದ ಪಟ್ಟಿಗಳು ಈಗ ನಾಲ್ಕು ಸಾಲಿನಲ್ಲಿ ಮುಗಿಯುತ್ತವೆ.

ನಾನು ನಿಜವಾಗಿ ಹೇಳಹೊರಟದ್ದು ಪ್ರಸ್ತಾರದ ವಿಷಯ. ಪದ್ಯದ ಸಾಲಿಗೆ ಪ್ರಸ್ತಾರ ಹಾಕಿ ಗಣ ವಿಂಗಡಿಸುವುದು ನಮ್ಮ ವಿದ್ಯಾರ್ಥಿಗಳಿಗೆ ಅನಿವಾರ್ಯವಾದ ಅಭ್ಯಾಸ. ಅರವತ್ತು ಮಂದಿಯ ಪ್ರಸ್ತಾರವನ್ನು ತಿದ್ದುವುದು ಅಧ್ಯಾಪಕನಿಗೆ ಅನಿವಾರ್ಯವಾದ ಕರ್ಮ. ಈ ಕರ್ಮವನ್ನು ಯಂತ್ರಕ್ಕೆ ಒಪ್ಪಿಸಬಹುದೇ ಎಂದು ಯೋಚಿಸತೊಡಗಿದೆ. ತೊಡಕು ಮೊದಲ ಹೆಜ್ಜೆಯಲ್ಲಿಯೇ ಕಾದಿತ್ತು. "ಸ್ತ್ರೀ" ಎಂಬುದು ನಮ್ಮ ಕಿವಿಗೆ ಒಂದೇ ಅಕ್ಷರ. ಯಂತ್ರ ಲಿಪಿಗಳನ್ನು ಗುರುತಿಸುವ ಯೂನಿಕೋಡ್ ಪದ್ಧತಿಯಲ್ಲಿ ಅದು ಆರು ಸಂಕೇತಗಳ ಸಾಲು: ಸಕಾರ, ವಿರಾಮ, ತಕಾರ, ವಿರಾಮ, ರಕಾರ, ಕಡೆಗೆ ದೀರ್ಘ ಈಕಾರದ ಚಿಹ್ನೆ. ಯಂತ್ರವನ್ನು "ಎಷ್ಟಕ್ಷರ?" ಎಂದು ಕೇಳಿದರೆ ಅದು ಮುಖದಲ್ಲಿ ಯಾವ ವಿಕಾರವೂ ಇಲ್ಲದೆ "ಆರು" ಎನ್ನುತ್ತದೆ.

ಆದುದರಿಂದ ಕೆಲಸವನ್ನು ಮೂರಾಗಿ ಒಡೆದೆ. ಮೊದಲನೆಯದು ಸಂಕೇತಗಳನ್ನು ಕೂಡಿಸಿ ಅಕ್ಷರ ಮಾಡುತ್ತದೆ: ಸ್ವರವಾಗಲಿ ವ್ಯಂಜನವಾಗಲಿ ಬಂದರೆ ಹೊಸ ಅಕ್ಷರ, ಆದರೆ ಹಿಂದೆಯೇ ವಿರಾಮವಿದ್ದರೆ ಅದು ಹಳೆಯ ಅಕ್ಷರದ ಒತ್ತು. ಎರಡನೆಯದು ಗುರುಲಘುಗಳನ್ನು ನಿರ್ಣಯಿಸುತ್ತದೆ: ದೀರ್ಘಸ್ವರ, ಅನುಸ್ವಾರ, ವಿಸರ್ಗ ಇದ್ದರೆ ಗುರು, ಮುಂದಿನದು ಒತ್ತಕ್ಷರವಾದರೂ ಗುರು, ಇಲ್ಲದಿದ್ದರೆ ಲಘು. ಮೂರನೆಯದು ಮಾತ್ರೆಗಳನ್ನು ಎಣಿಸಿ ಗಣ ವಿಂಗಡಿಸುತ್ತದೆ. ಕೊನೆಗೆ ಎಲ್ಲವೂ ಸೇರಿ ಒಂದು ಸಾಲಾಯಿತು: (ಗಣವಿಭಾಗ (ಗುರುಲಘು (ಅಕ್ಷರವಿಭಾಗ ಪಾದ))). ಒಳಗಿನಿಂದ ಹೊರಗೆ ಓದಿಕೊಳ್ಳಬೇಕು. ಈ ಮೂರರಲ್ಲಿ ಯಾವುದೂ ತನಗೆ ಕೊಟ್ಟುದನ್ನು ಕೆಡಿಸುವುದಿಲ್ಲ. ಪಡೆದುದನ್ನು ಹಾಗೆಯೇ ಬಿಟ್ಟು ಹೊಸದೊಂದನ್ನು ಮಾಡಿ ಕೊಡುತ್ತದೆ. ಒಳ್ಳೆಯ ಗ್ರಂಥಸಂಪಾದಕ ಓಲೆಗರಿಯ ಮೇಲೆ ಗೀಚುವುದಿಲ್ಲ. ಬೇರೆ ಪ್ರತಿ ಮಾಡಿಕೊಂಡು ಅದರಲ್ಲಿ ತಿದ್ದುತ್ತಾನೆ. ಇದೂ ಅದೇ ಮರ್ಯಾದೆ.

ನಮ್ಮ ಛಂದಶ್ಶಾಸ್ತ್ರಜ್ಞರಿಗೆ ಈ ರೀತಿಯ ಯೋಚನೆ ಅಪರಿಚಿತವಾಗಿರಲಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ಮೂರು ಮಾತ್ರೆಯ ಗಣಕ್ಕೆ ಮೂರು ರೂಪ, ನಾಲ್ಕು ಮಾತ್ರೆಯದಕ್ಕೆ ಐದು, ಐದು ಮಾತ್ರೆಯದಕ್ಕೆ ಎಂಟು ಎಂದು ನಮ್ಮ ವಿದ್ಯಾರ್ಥಿಗಳು ಬಾಯಿಪಾಠ ಮಾಡುತ್ತಾರೆ. ಆರು ಮಾತ್ರೆಗೆ ಎಷ್ಟು? ಕೊನೆಯದು ಲಘುವಾದರೆ ಅದರ ಹಿಂದೆ ಐದು ಮಾತ್ರೆ ಇರಬೇಕು, ಗುರುವಾದರೆ ನಾಲ್ಕು. ಆದ್ದರಿಂದ ಎಂಟೂ ಐದೂ ಸೇರಿ ಹದಿಮೂರು. ದೊಡ್ಡ ಪ್ರಶ್ನೆಯನ್ನು ಅದೇ ಜಾತಿಯ ಎರಡು ಚಿಕ್ಕ ಪ್ರಶ್ನೆಗಳಾಗಿ ಮಾಡುವ ಈ ಉಪಾಯವನ್ನು ಪ್ರಾಕೃತ ಛಂದಸ್ಸನ್ನು ಕುರಿತು ಬರೆದ ವಿರಹಾಂಕ ತಿಳಿದಿದ್ದ. ಸುಮಾರು 1150ರಲ್ಲಿ ಹೇಮಚಂದ್ರನೂ ಹೇಳಿದ. ಇದೇ ಸಂಖ್ಯಾಶ್ರೇಣಿ ಇಟಲಿಯ ಫಿಬೊನಾಚಿಯ ಪುಸ್ತಕದಲ್ಲಿ ಮೊಲಗಳ ಸಂತಾನದ ಲೆಕ್ಕವಾಗಿ ಬಂದದ್ದು 1202ರಲ್ಲಿ. ಅಲ್ಲಿ ಮೊಲವಾದದ್ದು ಇಲ್ಲಿ ಮಾತ್ರೆಯಾಗಿತ್ತು.

ಅಂತೂ ಯಂತ್ರ ಪ್ರಸ್ತಾರ ಹಾಕಿತು. ಗಣಗಳು ಸರಿಯಾಗಿ ಹೊಂದದ ಸಾಲುಗಳನ್ನು ತಾನೇ ತೀರ್ಮಾನಿಸದೆ ನನ್ನ ಮುಂದಿಡಬೇಕೆಂದು ಮೊದಲೇ ವಿಧಿಸಿದ್ದೆ. ಹಾಗೆ ಮುಂದಿಟ್ಟ ಸಾಲುಗಳಲ್ಲಿ ಮೂರು ಮಾತ್ರೆಯ ಗಣಗಳಲ್ಲಿ ನಡೆಯುವ ಒಂದು ಹಳಗನ್ನಡದ ಪಾದವಿತ್ತು. ಅದರಲ್ಲಿ "ಅಮರ್ದು" ಎಂಬ ಪದ. ವಿದ್ಯಾರ್ಥಿಗಳು ಕೊಳ್ಳುವ ಒಂದು ಕೈಪಿಡಿಯಲ್ಲಿ ಆ ಪದಕ್ಕೆ ಲಘು, ಗುರು, ಲಘು ಎಂದು ಅಚ್ಚಾಗಿದ್ದುದರಿಂದ ತರಗತಿಯೆಲ್ಲ ಹಾಗೆಯೇ ಬರೆದಿತ್ತು. ಒಬ್ಬ ಹುಡುಗಿ ಮಾತ್ರ ಮೂರನ್ನೂ ಲಘು ಎಂದು ಗುರುತಿಸಿದ್ದಳು.

ಹಳ್ಳಿಯಿಂದ ಬಸ್ಸಿನಲ್ಲಿ ಬಂದುಹೋಗುವ, ತರಗತಿಯಲ್ಲಿ ಬಾಯಿ ಬಿಡದ ಹುಡುಗಿ ಆಕೆ. ಏಕೆ ಹೀಗೆ ಬರೆದೆಯಮ್ಮ ಎಂದು ಕೇಳಿದಾಗ ಎದ್ದು ನಿಂತು ತಲೆ ತಗ್ಗಿಸಿದಳು. ಹಿಂದಿನ ಬೆಂಚಿನಿಂದ ಒಬ್ಬ, "ಪುಸ್ತಕದಲ್ಲೇ ಗುರು ಅಂತ ಇದೆ ಸಾರ್" ಎಂದ. ನಾಲ್ಕು ಜನ ನಕ್ಕರು. ಆಕೆ ಉತ್ತರವನ್ನು ಹೊಡೆದುಹಾಕಲು ಪೆನ್ನು ತೆಗೆದಳು. ನಾನು ತಡೆದು, ಸಾಲನ್ನು ಓದು ಎಂದೆ. ಮೆಲ್ಲಗೆ ಓದಿದಳು, ಸಾಲು ನೀರಿನಂತೆ ಹರಿಯಿತು. "ಅಲ್ಲಿ ಎಳೆದರೆ ಎಡವಿದ ಹಾಗಾಗುತ್ತೆ ಸಾರ್" ಎಂದಳು.

ಆಕೆ ಹೇಳಿದ್ದು ಶಾಸ್ತ್ರವೇ. ಒತ್ತಕ್ಷರದ ಹಿಂದಿನದು ಗುರು ಎಂಬ ನಿಯಮಕ್ಕೆ ಕನ್ನಡದಲ್ಲಿ ಶಿಥಿಲದ್ವಿತ್ವವೆಂಬ ಅಪವಾದವುಂಟು. ಹದಿಮೂರನೆಯ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಇದನ್ನು ವಿಚಾರಿಸಿದ್ದಾನೆ. ಕೆಲವು ಅಚ್ಚಗನ್ನಡ ಪದಗಳಲ್ಲಿ ಒತ್ತನ್ನು ತೇಲಿಸಿ ಉಚ್ಚರಿಸುವುದರಿಂದ ಹಿಂದಿನ ಅಕ್ಷರ ಲಘುವಾಗಿಯೇ ಉಳಿಯುತ್ತದೆ. "ಧರ್ಮ"ದಲ್ಲಿ ರೇಫೆಯ ಹಿಂದಿನ ಧಕಾರ ಗುರು. "ಅಮರ್ದು" ಎಂಬಲ್ಲಿ ರೇಫೆಯ ಹಿಂದಿನ ಮಕಾರ ಲಘು. ಕಣ್ಣಿಗೆ ಎರಡೂ ಒಂದೇ. ಭೇದ ತಿಳಿಯುವುದು ಕಿವಿಗೆ. ಆಕೆ ಪಾಠವಾಗಿ ಓದದೆ ಇದ್ದ ಸೂತ್ರವನ್ನು ಕಿವಿಯಿಂದ ಕಂಡಿದ್ದಳು. ಪಣವಾಗಿದ್ದುದು ಆಂತರಿಕ ಪರೀಕ್ಷೆಯ ಒಂದು ಅಂಕ. ಆದರೆ ಆ ದಿನ ಆಕೆ ಪೆನ್ನಿನಿಂದ ಹೊಡೆದುಹಾಕಲಿದ್ದುದು ಅಂಕವನ್ನಲ್ಲ, ತನ್ನ ಕಿವಿಯ ಮೇಲಿನ ನಂಬಿಕೆಯನ್ನು. ಅಚ್ಚಾದ ಅಕ್ಷರಕ್ಕೆ ಅಂಜಿ ಒಮ್ಮೆ ಬಿಟ್ಟುಕೊಟ್ಟ ಆ ನಂಬಿಕೆಯನ್ನು ಮತ್ತೆ ಗಳಿಸುವುದು ಸುಲಭವಲ್ಲ. ಅರವತ್ತು ಉತ್ತರಗಳನ್ನು ಕೈಪಿಡಿಯೊಡನೆ ಹೋಲಿಸಿ ನೋಡುವಷ್ಟೇ ಕೆಲಸವನ್ನು ಯಂತ್ರಕ್ಕೆ ಕೊಟ್ಟಿದ್ದರೆ ಅದು ಕ್ಷಣಾರ್ಧದಲ್ಲಿ ಆಕೆಯೊಬ್ಬಳನ್ನೇ ತಪ್ಪೆಂದು ಹೇಳುತ್ತಿತ್ತು.

ಆ ರಾತ್ರಿ ಕ್ರಮವಿಧಿಗೆ ಒಂದು ಹೊಸ ಭಾಗವನ್ನು ಸೇರಿಸಿದೆ. ಶಿಥಿಲವಾಗಬಹುದಾದ ಒತ್ತು ಕಂಡರೆ ಅದು ಗುರುವೆಂದಾಗಲಿ ಲಘುವೆಂದಾಗಲಿ ಹಟ ಹಿಡಿಯದೆ ಎರಡು ಸಾಧ್ಯತೆಗಳನ್ನೂ ಒಪ್ಪಿಸುತ್ತದೆ. ಗಣವಿಭಾಗವು ಎರಡನ್ನೂ ಹಾಕಿ ನೋಡಿ ಲಯಕ್ಕೆ ಹೊಂದುವುದನ್ನು ಉಳಿಸಿಕೊಳ್ಳುತ್ತದೆ. ಎರಡೂ ಹೊಂದಿದರೆ, ಅಥವಾ ಎರಡೂ ಹೊಂದದಿದ್ದರೆ, ಸಾಲು ನನ್ನ ಬಳಿಗೆ ಬರುತ್ತದೆ. ಹಳೆಯ ಮೂರು ಭಾಗಗಳಲ್ಲಿ ಒಂದಕ್ಷರವನ್ನೂ ಬದಲಿಸಬೇಕಾಗಲಿಲ್ಲ. ತನಗೆ ಕೊಟ್ಟುದನ್ನಲ್ಲದೆ ಬೇರೇನನ್ನೂ ಮುಟ್ಟದ ಚಿಕ್ಕ ಚಿಕ್ಕ ಭಾಗಗಳಿಂದ ಕಟ್ಟುವುದರ ಪ್ರಯೋಜನ ಇದು: ಒಂದು ಕೋಣೆ ಹೆಚ್ಚು ಬೇಕಾದರೆ ಮನೆಯನ್ನೇ ಕೆಡವಬೇಕಾಗಿಲ್ಲ.

ಯಂತ್ರ ಬಂದರೆ ಕಿವಿ ಹೋಗುತ್ತದೆ ಎಂದು ಹೆದರುವ ಹಿರಿಯರುಂಟು. ಯಂತ್ರ ಬಂದಮೇಲೆ ಕಿವಿ ಏಕೆ ಎಂದು ಕೇಳುವ ಕಿರಿಯರೂ ಉಂಟು. ನನಗಾದ ಅನುಭವ ಎರಡಕ್ಕೂ ಸೇರದು. ನಿಯಮವಾಗಿ ಹೇಳಬಲ್ಲುದನ್ನೆಲ್ಲ ಯಂತ್ರಕ್ಕೆ ಬಿಡಿಸಿ ಹೇಳುವಾಗ, ನಾನು ನಿಯಮದಿಂದ ಬಲ್ಲುದೆಷ್ಟು, ಕಿವಿಯಿಂದ ಬಲ್ಲುದೆಷ್ಟು ಎಂಬ ಗಡಿ ಸ್ಪಷ್ಟವಾಯಿತು. ಈಗ ಯಂತ್ರ ನನಗೆ ಹಿಂದಿರುಗಿಸುವ ಸಾಲುಗಳನ್ನೇ ತರಗತಿಗೆ ಒಯ್ಯುತ್ತೇನೆ. ಮೊದಲು ಗಟ್ಟಿಯಾಗಿ ಓದಿಸುತ್ತೇನೆ, ಆಮೇಲೆ ಪ್ರಸ್ತಾರ.

ಓದುಗರಿಗೆ ಪ್ರಸ್ತಾರ ಬೇಡದಿರಬಹುದು; ಹಾಲಿನ ಲೆಕ್ಕ, ಚೀಟಿಯ ಲೆಕ್ಕ, ಮದುವೆಗೆ ಕರೆಯಬೇಕಾದವರ ಪಟ್ಟಿ ಯಾರ ಮನೆಯಲ್ಲಿಲ್ಲ? ಒಂದನ್ನು ಕೈಗೆತ್ತಿಕೊಂಡು ಕೇಳಿ ನೋಡಿ: ಏನೂ ಇಲ್ಲದಿದ್ದರೆ ಏನು? ಇದ್ದರೆ ಮೊದಲನೆಯದಕ್ಕೆ ಏನು, ಉಳಿದುದಕ್ಕೆ ಏನು? ಉತ್ತರ ಹೊಳೆದರೆ ಅರ್ಧ ಕೆಲಸ ಆದಂತೆ. ಉಳಿದರ್ಧ ಕಂಸಗಳನ್ನು ಸರಿಯಾಗಿ ಮುಚ್ಚುವುದು. ಅದನ್ನು ಎಣಿಸಿಕೊಡಲು ಯಂತ್ರವೇ ಇದೆ.