ಲಲಿತಮಹಲಿನಲ್ಲಿ ಮಧ್ಯಾಹ್ನದ ಊಟ

ಅಮೃತಹಳ್ಳಿಯ ಮನೆಯಿಂದ ಸಹಧರ್ಮಿಣಿಯೊಡನೆ ಮೈಸೂರಿಗೆ ಹೋಗಿದ್ದಾಗ ನಾವು ಲಲಿತಮಹಲಿನಲ್ಲಿ ಉಂಡೆವು. ನಾಲ್ವಡಿ ಕೃಷ್ಣರಾಜ ಒಡೆಯರು ವೈಸರಾಯರ ಬಿಡಾರಕ್ಕೆಂದು 1921ರಲ್ಲಿ ಕಟ್ಟಿಸತೊಡಗಿದ ಈ ಧವಳಸೌಧವು 1974ರಲ್ಲಿ ಹೋಟೆಲಾಯಿತು. ಇದರ ನಡುಗುಮ್ಮಟವು ಲಂಡನ್ನಿನ ಸಂತ ಪಾಲರ ದೇವಾಲಯದ್ದನ್ನು ಹೋಲುವುದು. ಹಿಂದಣ ನರ್ತನಶಾಲೆಯೇ ಭೋಜನಶಾಲೆ. ಮೇಲಣ ಬಣ್ಣದ ಗಾಜಿನಿಂದಿಳಿದ ಬೆಳಕು ಮೇಜಿನ ಬಿಳಿಯ ವಸ್ತ್ರದ ಮೇಲೆ ಹರಡಿತ್ತು. ಅನ್ನ ಸಾರುಗಳೇನೋ ಮನೆಯವುಗಳಂತೆಯೇ. ಬೆಲೆ ಮಾತ್ರ ರಾಜಯೋಗ್ಯ!

ಪರಿಚಾರಕನು ಮೊದಲು ಆಕೆಗೆ ಬಡಿಸಿದನು. ಮೂವತ್ತೈದು ವರ್ಷ ನಮಗೆ ಬಡಿಸಿದ ಬಳಿಕವೇ ಉಂಡವಳು, "ಮೊದಲು ಅವರಿಗಪ್ಪ" ಎನ್ನುತ್ತ ತಟ್ಟೆಯನ್ನು ನಮ್ಮತ್ತ ಸರಿಸಿದಳು. ಮಕ್ಕಳಿಗೆ ಗೃಹಸ್ಥಧರ್ಮದ ಶ್ಲೋಕಗಳನ್ನು ಅರ್ಥಸಹಿತ ಬಾಯಿಪಾಠ ಮಾಡಿಸಿದ್ದ ನಮಗೆ ಮಾತೇ ಹೊರಡಲಿಲ್ಲ. ತಟ್ಟೆಯನ್ನು ಮರಳಿ ಆಕೆಯ ಮುಂದಿಟ್ಟು, ಆಕೆ ಮೊದಲ ತುತ್ತನ್ನೆತ್ತುವವರೆಗೂ ಕೈಕಟ್ಟಿ ಕುಳಿತೆವು. ಆ ವೇಳೆಗೆ ಸಾರು ಆರಿತ್ತು.