ಅತಿಥಿ

ತಿಥಿ ಗೊತ್ತುಮಾಡದೆ ಬರುವವನು ಅತಿಥಿ ಎಂದು ತರಗತಿಯಲ್ಲಿ ನಾನು ಎಷ್ಟೋ ಸಲ ಹೇಳಿಕೊಟ್ಟಿದ್ದೇನೆ. ನಮ್ಮ ಸರ್ಕಾರಿ ಕಾಲೇಜುಗಳಲ್ಲಿ ಈ ಮಾತಿಗೆ ಬೇರೆಯೇ ಅರ್ಥ ಬಂದಿದೆ. ಬರುವ ತಿಥಿ, ಹೋಗುವ ತಿಥಿ ಎರಡೂ ಗೊತ್ತಿದ್ದು, ಸಂಬಳದ ತಿಥಿಯೊಂದು ಮಾತ್ರ ಗೊತ್ತಿಲ್ಲದವನು ಅತಿಥಿ ಉಪನ್ಯಾಸಕ.

ನಾನೂ 4 ವರ್ಷ ಹಾಗಿದ್ದವನೇ. ಆಮೇಲೆ ಆಯ್ಕೆಯಾಗಿ ಖಾಯಂ ಆದೆ. ಅಂದಿಗಿಂತ ಇಂದು ನನ್ನ ಪಾಠ ಮೇಲಾಗಿದೆಯೆಂದು ಎದೆ ಮುಟ್ಟಿ ಹೇಳಲಾರೆ, ಮೇಲಾದದ್ದು ಸಂಬಳ.

ನನ್ನ ಎದುರು ಮೇಜಿನವರು 14 ವರ್ಷದಿಂದ ಅತಿಥಿ. ಹಳಗನ್ನಡಕ್ಕೆ ಹುಡುಗರು ಬಯಸುವುದು ಅವರನ್ನೇ. ಎಷ್ಟು ವರ್ಷ ದುಡಿದರೂ ತಾತ್ಕಾಲಿಕ ನೌಕರರಿಗೆ ಅದರಿಂದಲೇ ಖಾಯಂ ಆಗುವ ಹಕ್ಕು ಬಾರದೆಂದು 2006ರಲ್ಲಿ ಸುಪ್ರೀಂ ಕೋರ್ಟು ಉಮಾದೇವಿ ಪ್ರಕರಣದಲ್ಲಿ ಹೇಳಿತು. ನಮ್ಮ ರಾಜ್ಯದಿಂದಲೇ ಹೋದ ಮೊಕದ್ದಮೆ ಅದು. ಹೊರಗೆ ಕಾದಿರುವವರಿಗೂ ಸಮಾನ ಅವಕಾಶ ಬೇಕೆಂಬ ನ್ಯಾಯ ನನಗೂ ತಿಳಿಯುತ್ತದೆ. ಆದರೆ ಖಾಯಂ ಹುದ್ದೆಯನ್ನು ಖಾಲಿ ಇಟ್ಟುಕೊಂಡು ವರ್ಷವರ್ಷವೂ ಅತಿಥಿಯನ್ನೇ ಕರೆಯುವುದು ಯಾರಿಗೆ ಮಾಡಿದ ನ್ಯಾಯ?

ಕಳೆದ ಬೇಸಿಗೆ ರಜೆಯಲ್ಲಿ ಕಾಗದ ಕೊಳ್ಳಲು ಪೇಟೆಯ ಅಂಗಡಿಯೊಂದಕ್ಕೆ ಹೋದೆ. ಗಲ್ಲಾದ ಹಿಂದೆ ಅವರೇ ಕೂತಿದ್ದರು! ಭಾವನ ಅಂಗಡಿಯಂತೆ. ರಜೆಯಲ್ಲಿ ನನಗೆ ಸಂಬಳವುಂಟು, ಅವರಿಗಿಲ್ಲ. ಕಳ್ಳತನ ಸಿಕ್ಕಿಬಿದ್ದವನಂತೆ ನಾನೇ ಮುಖ ತಗ್ಗಿಸಿದೆ.

ಅವರು ಮಾತ್ರ ಸ್ಟೂಲು ಎಳೆದು ಹಾಕಿ, ಕಾಫಿಗೆ ಹುಡುಗನನ್ನು ಕಳಿಸಿ ನಕ್ಕರು:

“ಕೂತ್ಕೊಳ್ಳಿ ಸಾರ್. ಇಲ್ಲಿ ನೀವು ಅತಿಥಿ.”